ಮಿರಜ್‌ಗೆ ಹೊರಟಿರುವ ಓದುಗರಿಗೆ

ಡೊಂಬಿವಲಿಯ ಸಹೋದರಿಗೆ,

ನಿಮ್ಮ ಆರು ಪುಟಗಳ ಕಾಗದ ಕೈಸೇರಿ ಹದಿನೈದು ದಿನಗಳಾದವು. ಎರಡು ಸಾಲಿನಲ್ಲಿ ಉತ್ತರಿಸಿ ಮುಗಿಸುವ ಕಾಗದ ಅದಲ್ಲ. ಹಾಗಾಗಿ ಈ ತಿಂಗಳ ಓದುಗರ ಪುಟವನ್ನು ಪೂರ್ತಿ ನಿಮಗೇ ಬಿಟ್ಟಿದ್ದೇನೆ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ.

ಉಳಿದ ಓದುಗರಿಗಾಗಿ ನಿಮ್ಮ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ. ನಿಮಗೆ ಇಪ್ಪತ್ತಾರು ವರ್ಷ. ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸ. ತಂದೆ ಕುಂದಾಪುರದ ಕಡೆಯವರು, ಠಾಣೆಯಲ್ಲಿ ಪಾಲುದಾರಿಕೆಯ ಹೋಟೆಲು ಇದೆ. ಎಂಟು ವರ್ಷ ಹಿಂದುಸ್ತಾನಿ ಗಾಯನ ಕಲಿತಿದ್ದೀರಿ. ಎರಡು ವರ್ಷದ ಹಿಂದೆ ನಿಮ್ಮ ತಂಬೂರಿಯ ಜವಾರಿ, ಅಂದರೆ ತಂತಿಯ ನಾದ ಅರಳುವ ಹದ, ಕೆಟ್ಟಾಗ ಅದನ್ನು ದಾದರಿನಲ್ಲಿ ರಿಪೇರಿ ಮಾಡುವವರೊಬ್ಬರ ಬಳಿಗೆ ಒಯ್ದಿರಿ. ಅವರು ತಂತಿಗಳು ಹಾದುಹೋಗುವ ಕುದುರೆಯನ್ನು ಉಜ್ಜುವುದನ್ನು ನೋಡುತ್ತ ಕುಳಿತವರು, ಅಂದಿನಿಂದ ಶನಿವಾರಗಳನ್ನೆಲ್ಲ ಆ ಅಂಗಡಿಯಲ್ಲೇ ಕಳೆಯುತ್ತಿದ್ದೀರಿ. ಈಗ ಕೆಲಸ ಬಿಟ್ಟು ಮಿರಜ್‌ಗೆ ಹೋಗಿ ತಂಬೂರಿ ಮಾಡುವುದನ್ನೇ ಕಲಿಯಬೇಕೆಂದಿದ್ದೀರಿ. ತಂದೆ ಮಾತು ಬಿಟ್ಟಿದ್ದಾರೆ. ತಾಯಿ, "ಹೆಣ್ಣು ನೋಡಲು ಬರುವವರಿಗೆ ಏನೆಂದು ಹೇಳಲಿ, ಮಗಳು ಉಳಿ ಹಿಡಿಯುತ್ತಾಳೆ ಎಂದೇ?" ಎನ್ನುತ್ತಾರೆ. ಕೊನೆಯಲ್ಲಿ ನೀವು ಕೇಳಿದ್ದು ಇಷ್ಟು: "ಎಲ್ಲರಂತೆ ಇರದಿರುವುದಕ್ಕೆ ಧೈರ್ಯವನ್ನು ಎಲ್ಲಿಂದ ತರಲಿ?"

ಮೊದಲು ಒಂದು ಮಾತು. ನಾಲ್ಕನೆಯ ಪುಟದಲ್ಲಿ, "ಅಪ್ಪನೂ ಹದಿಮೂರನೆಯ ವಯಸ್ಸಿನಲ್ಲಿ ಯಾರಿಗೂ ಹೇಳದೆ ಮುಂಬಯಿಗೆ ಬಂದವರೇ. ಅವರು ಮಾಡಿದ್ದನ್ನು ನಾನು ಮಾಡಿದರೆ ತಪ್ಪೇನು?" ಎಂದು ಬರೆದಿದ್ದೀರಿ. ಈ ವಾದವನ್ನು ದಯವಿಟ್ಟು ಅವರ ಮುಂದೆ ಇಡಬೇಡಿ. ಆ ಕಾಲದಲ್ಲಿ ಊರು ಬಿಟ್ಟು ಬಂದ ಎಷ್ಟೋ ಹುಡುಗರ ಜೊತೆ ನಾನು ಬೆಳೆದಿದ್ದೇನೆ. ಫೋರ್ಟ್‌ನ ಕ್ಯಾಂಟೀನುಗಳಲ್ಲಿ ಹಗಲೆಲ್ಲ ಲೋಟ ತೊಳೆದು, ರಾತ್ರಿಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಕನ್ನಡ ಓದಿ, ಮತ್ತೆ ಬಂದು ಅದೇ ಕ್ಯಾಂಟೀನಿನ ಮೇಜಿನ ಮೇಲೆ ಮಲಗುತ್ತಿದ್ದವರು ಅವರು. ಅವರನ್ನು ಊರಿನಿಂದ ಹೊರಡಿಸಿದ್ದು ಹಸಿವು. ಅದನ್ನು ಧೈರ್ಯ ಎಂದು ಕರೆದರೆ ಅವರಿಗೆ ನೋಯುತ್ತದೆ. ನಿಮ್ಮನ್ನು ಹೊರಡಿಸುತ್ತಿರುವುದು ಆಸೆ. ಆಸೆಪಡುವಷ್ಟು ನೆಮ್ಮದಿಯನ್ನು ನಿಮಗೆ ಗಳಿಸಿಕೊಟ್ಟವರು ಅವರೇ. ಆ ಮಾತನ್ನು ಬೇಕಾದರೆ ಹೇಳಿ. ಮೌನ ಮುರಿಯಲು ಅದೊಂದು ದಾರಿಯಾಗಬಹುದು.

ಭೀಮಸೇನ ಜೋಶಿಯವರನ್ನು ನೀವು ನೆನೆದಿದ್ದೀರಿ. 1933ರಲ್ಲಿ, ಹನ್ನೊಂದರ ಹುಡುಗ, ಗುರುವನ್ನು ಹುಡುಕಿಕೊಂಡು ಗದಗಿನ ಮನೆಯಿಂದ ಹೊರಟ ಕಥೆಯನ್ನು ನಾವೆಲ್ಲ ಮಕ್ಕಳಿಗೆ ಹೇಳುತ್ತೇವೆ. ರೈಲು, ಗ್ವಾಲಿಯರ್, ಜಲಂಧರ್, ಹುಡುಕಿಕೊಂಡು ಬಂದ ತಂದೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆಮೇಲಿನ ಭಾಗ. 1936ರಲ್ಲಿ ಕುಂದಗೋಳದ ಸವಾಯಿ ಗಂಧರ್ವರ ಮನೆ ಸೇರಿದ ಹುಡುಗ ಅಲ್ಲಿ ನೀರು ಹೊತ್ತ, ಮನೆಗೆಲಸ ಮಾಡಿದ, ಹೇಳಿಕೊಟ್ಟಷ್ಟನ್ನು ವರ್ಷಗಟ್ಟಲೆ ತಿದ್ದಿಕೊಂಡ. ಮನೆ ಬಿಡುವ ಕೆಲಸ ಒಂದು ರಾತ್ರಿಯಲ್ಲಿ ಮುಗಿಯುತ್ತದೆ. ಏನೂ ಬಾರದವರಾಗಿ ಇನ್ನೊಬ್ಬರ ಎದುರು ದಿನವೂ ಕೂರುವುದಿದೆಯಲ್ಲ, ನಿಮಗೆ ಬೇಕಾಗುವುದು ಆ ಧೈರ್ಯ. ಅದರ ಬಗ್ಗೆ ನಿಮ್ಮ ಆರು ಪುಟಗಳಲ್ಲಿ ಒಂದು ಸಾಲೂ ಇರಲಿಲ್ಲ.

ನನ್ನದೇ ಅನುಭವ ಹೇಳುತ್ತೇನೆ. 1986ರಲ್ಲಿ ಬ್ಯಾಂಕಿನ ಗುಮಾಸ್ತಿಕೆ ಬಿಟ್ಟು ಪತ್ರಿಕೆಯ ಕೆಲಸಕ್ಕೆ ಬಂದೆ. ರಾಜೀನಾಮೆ ಬರೆದ ದಿನ ಕೈ ನಡುಗಲಿಲ್ಲ. ನಡುಗಿದ್ದು ಮೂರನೆಯ ವಾರದಲ್ಲಿ. ಅಚ್ಚಿನ ಮನೆಯಲ್ಲಿ ಮೊಳೆ ಜೋಡಿಸುವ ಹುಡುಗನಿಗೆ ಹತ್ತೊಂಬತ್ತು ವರ್ಷ. ಸೀಸದ ಅಕ್ಷರಗಳನ್ನು ತಿರುವುಮುರುವಾಗಿಯೇ ಓದಿ, ನಾನು ತಿದ್ದಿ ಕಳಿಸಿದ ಕರಡಿನಲ್ಲಿ ಹನ್ನೆರಡು ತಪ್ಪು ತೋರಿಸಿದ. ಬೆರಳಿಟ್ಟು ಒಂದೊಂದಾಗಿ ತೋರಿಸಿದ. ನನಗೆ ಮೂವತ್ತೊಂದು, ಎರಡು ಮಕ್ಕಳ ತಂದೆ. ಹೊರಗೆ ಬಂದು ಮೆಟ್ಟಿಲ ಮೇಲೆ ಬಹಳ ಹೊತ್ತು ಕುಳಿತಿದ್ದೆ. ಮರುದಿನ ಅವನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತೆ. ಕರಡು ತಿದ್ದಲು ನನಗೆ ಕಲಿಸಿದವನು ಅವನು.

ಮಿರಜ್‌ನಲ್ಲಿ ನಿಮಗೂ ಅಂಥ ಹುಡುಗರು ಸಿಗುತ್ತಾರೆ, ಹತ್ತು ವರ್ಷದವರಿದ್ದಾಗಲೇ ಉಳಿ ಹಿಡಿದವರು. ಬಹಳ ಹಿಂದೆ ದೀಪಾವಳಿ ವಿಶೇಷಾಂಕದ ಲೇಖನಕ್ಕಾಗಿ ಅಲ್ಲಿನ ವಾದ್ಯ ಮಾಡುವವರ ಓಣಿಗೆ ಹೋಗಿದ್ದೆ. ಅಂಗಡಿಗಳ ಮಾಡಿಗೆ ಸೋರೆಬುರುಡೆಗಳನ್ನು ತೂಗುಹಾಕಿದ್ದರು. ಪಂಢರಪುರ, ಮಂಗಳವೇಢೆಯ ಕಡೆ ಇದಕ್ಕೆಂದೇ ಬೆಳೆಯುವ ದಪ್ಪ ಸೋರೆ ಅದು. ಒಣಗಿದ ಬುರುಡೆಯನ್ನು ನೀರಿನಲ್ಲಿ ನೆನೆಸಿ, ಕೊಯ್ದು, ಒಳಗಿನ ತಿರುಳನ್ನೂ ಬೀಜವನ್ನೂ ಕೆರೆದು ತೆಗೆಯುತ್ತಾರೆ. ವೃದ್ಧ ಕುಶಲಕರ್ಮಿಯೊಬ್ಬರು ಜವಾರಿ ಕೂಡಿಸುತ್ತಿದ್ದರು. ಕುದುರೆಯ ಮೇಲ್ಮೈ ಕಣ್ಣಿಗೆ ಚಪ್ಪಟೆ, ಆದರೆ ಬೆರಳಿಗೆ ಸಣ್ಣ ಇಳಿಜಾರು. ತಂತಿ ಆ ಇಳಿಜಾರನ್ನು ಸವರಿಕೊಂಡು ಕಂಪಿಸಿದರಷ್ಟೇ ನಾದ ಅರಳುತ್ತದೆ. ಅರದಿಂದ ಎರಡು ಸಲ ಉಜ್ಜುತ್ತಾರೆ, ತಂತಿಯ ಕೆಳಗೆ ಹತ್ತಿಯ ನೂಲೊಂದನ್ನು ಸೇರಿಸಿ ಕೂದಲೆಳೆಯಷ್ಟು ಸರಿಸುತ್ತಾರೆ, ಮೀಟುತ್ತಾರೆ, ತಲೆಯಾಡಿಸಿ ತಂತಿ ಸಡಿಲಿಸುತ್ತಾರೆ, ಮತ್ತೆ ಉಜ್ಜುತ್ತಾರೆ. ನಾನಿದ್ದ ಒಂದೂವರೆ ಗಂಟೆಯಲ್ಲಿ ಆ ತಂಬೂರಿ ಮುಗಿಯಲಿಲ್ಲ. ಥಟ್ಟನೆ ಒಂದು ಕ್ಷಣ ಷಡ್ಜದ ತಂತಿಯೊಳಗಿಂದ ಗಾಂಧಾರ ಎದ್ದು ಬಂತು. ಅವರು ನನ್ನತ್ತ ನೋಡಿದರು. ಆ ನೋಟವನ್ನು ಮರೆತಿಲ್ಲವಾದ್ದರಿಂದಲೇ ನಿಮ್ಮ ಶನಿವಾರಗಳು ನನಗೆ ಅರ್ಥವಾಗುತ್ತವೆ.

ತಾಯಿಯವರಿಗೆ ಈ ಮಾತನ್ನು ಓದಿ ಹೇಳಿ. ಮಿರಜ್‌ನ ಈ ಮನೆತನಗಳು ಮೂಲತಃ ಶಿಕಲಗಾರರು, ಕತ್ತಿ ಮಸೆದು ಆಯುಧ ಮಾಡುತ್ತಿದ್ದವರು. ಬ್ರಿಟಿಷರ ಕಾಲದಲ್ಲಿ ಆಯುಧಕ್ಕೆ ಬೇಡಿಕೆ ಕುಸಿದಾಗ, ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ, ಫರೀದಸಾಹೇಬರಂಥವರು ಅದೇ ಕೈಗಳನ್ನು ಸಿತಾರಿಗೆ ತಿರುಗಿಸಿದರು. ಕತ್ತಿ ಬಿಟ್ಟು ಸೋರೆಬುರುಡೆ ಹಿಡಿದಾಗ ಅವರ ನೆಂಟರಿಷ್ಟರೂ ಏನಾದರೂ ಅಂದಿರಲೇಬೇಕು. 2024ರಲ್ಲಿ ಮಿರಜ್‌ನ ಸಿತಾರು, ತಂಬೂರಿಗಳಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರು ಅದೇ ಮಿರಜ್‌ನಲ್ಲಿ ನೆಲೆಸಿದವರು. ಅಷ್ಟು ದೊಡ್ಡ ಗಾಯಕರು ವಾದ್ಯಗಳನ್ನು ತಮ್ಮ ಕೈಯಿಂದಲೇ ರಿಪೇರಿ ಮಾಡುತ್ತಿದ್ದರು. ಉಳಿ ಹಿಡಿಯುವುದರಲ್ಲಿ ಅವಮಾನ ಅವರಿಗೆ ಕಂಡಿರಲಿಲ್ಲ.

ಗಳಿಕೆಯ ವಿಷಯದಲ್ಲಿ ಮಾತ್ರ ನಿಮ್ಮ ತಂದೆಯವರ ಭಯ ನಿಜ, ಅದನ್ನು ಅಲ್ಲಗಳೆಯಬೇಡಿ. ಮೊಬೈಲಿನಲ್ಲೇ ಶ್ರುತಿ ಸಿಗುವ ಕಾಲ ಇದು. ಕಲಿಯುವ ಮಕ್ಕಳಲ್ಲಿ ಎಷ್ಟು ಜನ ತಂಬೂರಿ ಕೊಳ್ಳುತ್ತಾರೆ ಎಂಬುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಆ ಓಣಿಯಲ್ಲಿ ನಾನು ಕಂಡವರೆಲ್ಲ ಗಂಡಸರು. ನಿಮ್ಮನ್ನು ಕೂರಿಸಿಕೊಂಡು ಕಲಿಸುವವರು ಮೊದಲ ಬಾಗಿಲಿನಲ್ಲೇ ಸಿಗುತ್ತಾರೆಂದು ನಾನು ಭರವಸೆ ಕೊಡಲಾರೆ. ಬೇರೆಯವರ ಲೆಕ್ಕ ತಪಾಸಣೆ ಮಾಡುವವರು ನೀವು. ನಿಮ್ಮ ಮುಂದಿನ ಮೂರು ವರ್ಷದ ಲೆಕ್ಕವನ್ನೂ ಅಷ್ಟೇ ಕಟ್ಟುನಿಟ್ಟಾಗಿ ಬರೆಯಿರಿ. ಕೋಣೆಯ ಬಾಡಿಗೆ, ಊಟ, ಉಪಕರಣ, ಆದಾಯ ಸೊನ್ನೆ. ಆ ಹಾಳೆಯನ್ನು ತಂದೆಯವರ ಗಲ್ಲಾಪೆಟ್ಟಿಗೆಯ ಮೇಲೆ ಇಡಿ. ಹೋಟೆಲು ನಡೆಸಿದವರಿಗೆ ಭಾವನೆಯ ಭಾಷಣಕ್ಕಿಂತ ಅಂಕಿ ಬೇಗ ಅರ್ಥವಾಗುತ್ತದೆ. ಅದರಲ್ಲಿ ತಪ್ಪು ಹುಡುಕುವ ನೆಪದಲ್ಲಾದರೂ ಮಾತು ಶುರುವಾದೀತು.

ರಾಜೀನಾಮೆ ಈಗಲೇ ಕೊಡಬೇಡಿ. ಲೆಕ್ಕಪರಿಶೋಧನೆಯ ಗಡಿಬಿಡಿ ಮುಗಿದ ಮೇಲೆ ಒಂದು ತಿಂಗಳ ರಜೆ ಕೇಳಿ. ಕಲ್ಯಾಣದಲ್ಲಿ ರಾತ್ರಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಾಗುವಷ್ಟರಲ್ಲಿ ಮಿರಜ್. ದಾದರಿನ ಆ ಹಿರಿಯರಿಂದ ಎರಡು ಸಾಲಿನ ಪರಿಚಯಪತ್ರ ಬರೆಸಿಕೊಂಡು ಹೋಗಿ. ತಿಂಗಳೆಲ್ಲ ಬುರುಡೆ ಕೆರೆಯಲು ಬಿಟ್ಟರೂ ಕೆರೆಯಿರಿ. ಅಂಗೈ ಬೊಬ್ಬೆ ಒಡೆದ ಮೇಲೂ ಮರುದಿನ ಅಲ್ಲಿಗೆ ಹೋಗಬೇಕೆನಿಸಿದರೆ ನೀವು ಕೇಳಿದ ಧೈರ್ಯ ನಿಮ್ಮ ಕೈಯಲ್ಲೇ ಇದೆ ಎಂದು ತಿಳಿಯಿರಿ. ಅನಿಸದಿದ್ದರೂ ನಾಚಿಕೆಪಡಬೇಕಾದ್ದೇನಿಲ್ಲ, ಒಳ್ಳೆಯ ಗಾಯಕಿಯಾಗಿ, ತನ್ನ ತಂಬೂರಿಯನ್ನು ಬಲ್ಲವಳಾಗಿ ವಾಪಸಾಗುತ್ತೀರಿ. ನೋಡಲು ಬರುವವರ ಮುಂದೆ ಮಾತ್ರ ಏನನ್ನೂ ಮುಚ್ಚಿಡಬೇಡಿ. ಕೇಳಿ ಎದ್ದು ಹೋಗುವವರು ಮದುವೆಗೆ ಮೊದಲೇ ಎದ್ದು ಹೋಗಲಿ.

ಇನ್ನೊಂದು ವಿಷಯ. ಮಾಟುಂಗದ ನಮ್ಮ ಮನೆಯಲ್ಲಿ ನನ್ನ ಹೆಂಡತಿಯ ತಂಬೂರಿ ಇದೆ. ಅವಳು ಹೋದ ಮೇಲೆ ಏಳು ವರ್ಷಗಳಿಂದ ಗವಸಿನೊಳಗೇ ಇದೆ. ಖರ್ಜದ, ಅಂದರೆ ಕೆಳಗಿನ ಷಡ್ಜದ, ತಂತಿ ತುಂಡಾಗಿದೆ, ಎರಡು ಬಿರಡೆಗಳು ನಿಲ್ಲುವುದಿಲ್ಲ, ಜವಾರಿ ಸತ್ತೇ ಹೋಗಿದೆ. ಇದುವರೆಗೆ ಯಾರ ಕೈಗೂ ಕೊಡಲು ಮನಸ್ಸಾಗಿರಲಿಲ್ಲ. ಮಿರಜ್‌ನಿಂದ ಬಂದ ಮೇಲೆ ನೀವು ಅದನ್ನು ನೋಡಬೇಕು. ಅವಸರವಿಲ್ಲ, ಮೂರು ವರ್ಷವಾದರೂ ಕಾಯುತ್ತೇನೆ. ಮಂಗಳವಾರ ಸಂಜೆಗಳಲ್ಲಿ ಮನೆಯಲ್ಲಿಯೇ ಇರುತ್ತೇನೆ.

ನಿಮ್ಮ,
ಸಂಪಾದಕ