ಸಂಪಾದಕರ ಉತ್ತರ: ಸಾಸವಣೆಯ ಎಮ್ಮೆ, ಪುಣೆಯ ಕುದುರೆ

ಡೊಂಬಿವಲಿಯ ಮಾನ್ಯ ಓದುಗರಿಗೆ ನಮಸ್ಕಾರಗಳು.

ಮುಂಬಯಿಯ ಆಧುನಿಕ ಶಿಲ್ಪಕಲೆಯನ್ನು ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿ ತಾವು ಬರೆದ ನಾಲ್ಕು ಪುಟಗಳ ಪತ್ರ ಕೈಸೇರಿದೆ. ಶಿಲ್ಪಿ ವಿನಾಯಕ ಪಾಂಡುರಂಗ ಕರ್ಮರ್ಕರ್ ಅವರನ್ನು ‘ದೊರೆಗಳಿಗೂ ಧನಿಕರಿಗೂ ಪ್ರತಿಮೆ ಮಾಡಿಕೊಟ್ಟವರು’ ಎಂಬ ಒಂದೇ ಸಾಲಿನಲ್ಲಿ ಮುಗಿಸಿ, ಆಧುನಿಕತೆಯ ಕಥೆಯನ್ನು ಮುಂದಿನ ತಲೆಮಾರಿನ ಶಿಲ್ಪಿಗಳಾದ ಪಿಲೂ ಪೋಚ್‌ಖಾನವಾಲಾ ಮತ್ತು ಆದಿ ದಾವಿಯರ್‌ವಾಲಾ ಅವರಿಂದ ಆರಂಭಿಸಿದ್ದು ತಮಗೆ ಸರಿಬಂದಿಲ್ಲ. ಕರ್ಮರ್ಕರ್ ಅವರ ಊರಾದ ಸಾಸವಣೆಯಲ್ಲಿ, ಅವರ ಮನೆಯಲ್ಲಿಯೇ ಇರುವ ಸಂಗ್ರಹಾಲಯಕ್ಕೆ ಮೊಮ್ಮಗನೊಂದಿಗೆ ಹೋಗಿಬಂದುದನ್ನು ತಾವು ವಿವರಿಸಿದ್ದೀರಿ. ಕಂಬಳದ ಕೋಣ ಸಾಕಿದ ಮನೆತನದಲ್ಲಿ ಹುಟ್ಟಿದ ತಮಗೆ, ಅಲ್ಲಿಯ ಅಂಗಳದ ಎಮ್ಮೆ ಸಿಮೆಂಟಿನದೆಂದು ತಿಳಿದಿದ್ದರೂ ಅದರ ಬೆನ್ನ ಮೇಲೆ ಕೈಯಾಡಿಸದೆ ಮುಂದೆ ಹೋಗಲಾಗಲಿಲ್ಲವಂತೆ. ‘ಈ ಎಮ್ಮೆಯನ್ನು ಮಾಡಿಸಿದ ದೊರೆ ಯಾರು, ಹೇಳಿ’ ಎಂದು ಕೇಳಿದ್ದೀರಿ.

ಮೊದಲು ತಪ್ಪೊಪ್ಪಿಗೆ. ಲೇಖಕರು ಕರ್ಮರ್ಕರ್ ಅವರ ಬಗ್ಗೆ ಒಂದು ಇಡೀ ಪ್ಯಾರಾ ಬರೆದಿದ್ದರು. ಪುಟದಲ್ಲಿ ಜಾಗ ಸಾಲದೆ ಅದನ್ನು ಒಂದು ಸಾಲಿಗೆ ಇಳಿಸಿದವನು ನಾನು. ಇಳಿಸುವಾಗ ಅಳಿದುಹೋದದ್ದು ಕೆಲವು ಪದಗಳು ಮಾತ್ರವಲ್ಲ, ನ್ಯಾಯವೂ ಹೌದು ಎಂಬುದು ತಮ್ಮ ಪತ್ರ ಓದಿದ ಮೇಲೆ ನನಗೆ ಹೊಳೆಯಿತು.

ಕರ್ಮರ್ಕರ್ ಹುಟ್ಟಿದ್ದು 1891ರಲ್ಲಿ, ಅಲಿಬಾಗಿನ ಹತ್ತಿರದ ಅದೇ ಸಾಸವಣೆಯಲ್ಲಿ. ಹುಡುಗ ಗೋಡೆಯ ಮೇಲೆ ಬರೆದಿದ್ದ ಚಿತ್ರವು ಅಂದಿನ ಕುಲಾಬಾ ಜಿಲ್ಲೆಯ ಕಲೆಕ್ಟರ್ ಆಟೊ ರಾತ್‌ಫೆಲ್ಡ್ ಅವರ ಕಣ್ಣಿಗೆ ಬೀಳದೆ ಹೋಗಿದ್ದರೆ, ಮತ್ತು ಅವರು ಮುಂಬಯಿಯ ಜೆ. ಜೆ. ಕಲಾಶಾಲೆಗೆ ಸೇರುವ ದಾರಿಯನ್ನು ಮಾಡಿಕೊಡದಿದ್ದರೆ, ಆ ಕೈ ಊರಿನಾಚೆಗೆ ಹೆಸರಾಗುತ್ತಿತ್ತೋ ಇಲ್ಲವೋ. ಅಲ್ಲಿ ಲಾರ್ಡ್ ಮೇಯೋ ಪದಕ ಪಡೆದ ಅವರು, ಕವಿ ರವೀಂದ್ರನಾಥರ ಅಣ್ಣನ ಮಗ ಸುರೇಂದ್ರನಾಥ ಠಾಕೂರರ ಆಹ್ವಾನದ ಮೇಲೆ ಕಲ್ಕತ್ತೆಗೆ ಹೋಗಿ ಕೆಲಸ ಮಾಡಿದರು. 1920ರ ದಶಕದ ಆರಂಭದಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಕಲಿತು ಬಂದರು. ಪದ್ಮಶ್ರೀ ಬಂದದ್ದು 1962ರಲ್ಲಿ, ತೀರಿಕೊಂಡದ್ದು 1967ರಲ್ಲಿ. ಈ ವಿವರಗಳು ಯಾವ ಕೋಶದಲ್ಲಿಯೂ ಸಿಗುವಂಥವು. ನನಗೆ ಹೆಚ್ಚು ಹೇಳಬೇಕೆನಿಸುವುದು ಎರಡು ಪ್ರಾಣಿಗಳ ವಿಷಯ.

ಮೊದಲನೆಯದು ಪುಣೆಯ ಕುದುರೆ. ಅಲ್ಲಿಯ ಶಿವಾಜಿ ಪ್ರಿಪರೇಟರಿ ಮಿಲಿಟರಿ ಶಾಲೆಯ ಆವರಣದಲ್ಲಿರುವ ಅಶ್ವಾರೂಢ ಶಿವಾಜಿಯ ಕಂಚಿನ ಪ್ರತಿಮೆಯನ್ನು ತಾವೂ ನೋಡಿರಬಹುದು. ಅದರ ಸಂಕಲ್ಪ ಕೊಲ್ಹಾಪುರದ ಶಾಹೂ ಮಹಾರಾಜರದು. 1921ರಲ್ಲಿ ಇಂಗ್ಲೆಂಡಿನ ಯುವರಾಜನ ಕೈಯಿಂದ ಅಡಿಗಲ್ಲು ಬಿತ್ತು. ಮರುವರ್ಷವೇ ಮಹಾರಾಜರು ತೀರಿಕೊಂಡರು. ಪ್ರತಿಮೆ ಅನಾವರಣಗೊಳ್ಳುವ ಹೊತ್ತಿಗೆ 1928ರ ಜೂನ್ ಬಂದಿತ್ತು. ಸುಮಾರು 13.5 ಅಡಿ ಎತ್ತರದ ಅದನ್ನು ಮುಂಬಯಿ ಬಂದರಿನ ಮಝಗಾಂವಿನಲ್ಲಿ ಒಂದೇ ಎರಕದಲ್ಲಿ ಹೊಯ್ದರು. ಇಷ್ಟು ದೊಡ್ಡ ಮೂರ್ತಿಯನ್ನು ಸಾಮಾನ್ಯವಾಗಿ ಬಿಡಿಬಿಡಿಯಾಗಿ ಎರಕ ಹೊಯ್ದು ಆಮೇಲೆ ಬೆಸೆಯುತ್ತಾರೆ. ಒಂದೇ ಎರಕವೆಂದರೆ, ಕರಗಿದ ಲೋಹವು ಗಟ್ಟಿಯಾಗುವ ಮುಂಚೆ ಕುದುರೆಯ ಕಿವಿಯ ತುದಿಯವರೆಗೂ ಓಡಿ ತುಂಬಿಕೊಳ್ಳಬೇಕು, ಅಚ್ಚಿನೊಳಗಿನ ಗಾಳಿಗೆ ಹೊರಬೀಳಲು ದಾರಿಯಿರಬೇಕು. ಎಲ್ಲಿಯಾದರೂ ಗಾಳಿ ಸಿಕ್ಕಿಕೊಂಡರೆ ಅಲ್ಲಿ ತೂತು. ನಮ್ಮ ಫೋರ್ಟ್ ಭಾಗದ ಒಂದು ಬಡಾವಣೆಗೆ ‘ಕಾಲಾ ಘೋಡಾ’ ಎಂಬ ಹೆಸರು ತಂದ ಕುದುರೆಯು ಲಂಡನ್ನಿನ ಶಿಲ್ಪಿ ಬೋಮ್ ಅವರ ಕೈಯಿಂದ ರೂಪುಗೊಂಡು 1879ರಲ್ಲಿ ಇಲ್ಲಿ ನೆಲೆಯಾದದ್ದು. ಈಗ ಅದು ಭಾಯಖಳಾದ ರಾಣಿಬಾಗ್ ಉದ್ಯಾನದಲ್ಲಿದೆ. ಅದಾಗಿ ಐವತ್ತು ವರ್ಷ ತುಂಬುವುದರೊಳಗೆ ಕೊಂಕಣದ ಹಳ್ಳಿಯೊಂದರ ಮನುಷ್ಯ ಮಾಡಿದ ಕುದುರೆಗೆ ಮುಂಬಯಿಯ ಬಂದರಿನಲ್ಲಿಯೇ ಎರಕ ಹೊಯ್ದರು. ಹಾಗಾಗಿ ಪ್ರತಿಮೆ ಮಾಡಿಕೊಡುವ ಕೆಲಸವನ್ನು ಹೀನಾಯವಾಗಿ ಕಾಣುವ ಧ್ವನಿ ನಮ್ಮ ಸಾಲಿನಲ್ಲಿ ಇದ್ದುದೇ ತಪ್ಪು.

ಆದರೂ ತಮ್ಮ ಪ್ರಶ್ನೆಯಿರುವುದು ಎಮ್ಮೆಯನ್ನು ಕುರಿತು. ದೊರೆ ಯಾರು ಎಂದು ಕೇಳಿದಿರಲ್ಲ, ಯಾರೂ ಅಲ್ಲ. ಅದು ಶಿಲ್ಪಿ ತನ್ನ ಮನೆಯಂಗಳಕ್ಕೆ ತಾನೇ ಮಾಡಿಕೊಂಡದ್ದು, ಮತ್ತು ಅದಕ್ಕೆ ಅವಕಾಶ ಕೊಟ್ಟದ್ದು ಸಿಮೆಂಟು. ಕಂಚೆಂದರೆ ಮುಂಗಡ ಬೇಕು, ಎರಕದ ಮನೆ ಬೇಕು, ಆಳುಗಳು ಬೇಕು. ಅವೆಲ್ಲವುಗಳ ಹಿಂದೆ ಹಣ ಕೊಡುವವನೊಬ್ಬ ಇರಲೇಬೇಕು, ಮತ್ತು ಹಣ ಕೊಡುವವನು ತನ್ನೂರಿನ ಎಮ್ಮೆಗಾಗಿ ಕೊಡುವುದಿಲ್ಲ. ಸಿಮೆಂಟಿನ ಮೂರ್ತಿಗೆ ಅಷ್ಟೆಲ್ಲ ಬೇಡ. ಮೊದಲು ಆವೆಮಣ್ಣಿನಲ್ಲಿ ರೂಪ ತಿದ್ದಿ, ಅದರ ಮೇಲೆ ಪ್ಲಾಸ್ಟರಿನ ಅಚ್ಚು ತೆಗೆದು, ಮಣ್ಣನ್ನು ಬಿಡಿಸಿ, ಒಳಗೆ ಕಬ್ಬಿಣದ ಸರಳು ಕೂಡಿಸಿ ಸಿಮೆಂಟನ್ನು ತುಂಬುತ್ತಾರೆ. ದಿನಗಟ್ಟಲೆ ನೀರುಣಿಸಿ, ಗಟ್ಟಿಯಾದ ಮೇಲೆ ಅಚ್ಚನ್ನು ಚಾಣದಿಂದ ಚೂರುಚೂರಾಗಿ ಒಡೆದು ತೆಗೆಯುತ್ತಾರೆ. ಅಚ್ಚು ಹಾಳಾಗುವುದರಿಂದ ಮೂರ್ತಿ ಒಂದೇ. ಗಾರೆಯವನ ಅಂಗಡಿಯಲ್ಲಿ ಸಿಗುವ ಸಾಮಗ್ರಿ, ಆದರೆ ಕೈ ಮಾತ್ರ ರಾಯಲ್ ಅಕಾಡೆಮಿಯಲ್ಲಿ ಪಳಗಿದ್ದು. ಎಮ್ಮೆಯ ಸೊಂಟದ ಎಲುಬು ಚರ್ಮದಡಿಯಲ್ಲಿ ಹೇಗೆ ಎದ್ದು ನಿಲ್ಲುತ್ತದೆ, ಅದರ ಪಕ್ಕದಲ್ಲಿ ಹೊಟ್ಟೆಯ ಚರ್ಮ ಹೇಗೆ ಒಳಗಿಳಿಯುತ್ತದೆ ಎಂಬುದನ್ನು ತಾವು ಕೈಯಾಡಿಸಿಯೇ ಗುರುತಿಸಿದಿರಿ. ಸಿಮೆಂಟಿನ ತರಿತರಿ ಮೈ ಎಮ್ಮೆಯ ಮೈಗೆ ಕಂಚಿಗಿಂತ ಹತ್ತಿರದ್ದು ಎಂಬ ತಮ್ಮ ಮಾತನ್ನು ಯಾವ ಕಲಾವಿಮರ್ಶಕರೂ ನನ್ನಲ್ಲಿ ಹೇಳಿದ್ದಿಲ್ಲ. ಆ ಮನೆಯ ನೂರೈವತ್ತರಷ್ಟು ಶಿಲ್ಪಗಳ ನಡುವೆ ದೊಡ್ಡವರ ಮುಖಗಳಿರುವಂತೆಯೇ ಮೀನುಗಾರ ಹೆಣ್ಣು, ಶಂಖ ಊದುವವಳು, ಊರಿನ ಸಾಮಾನ್ಯರು ಇದ್ದಾರೆ.

ಇಲ್ಲಿ ಮಾತ್ರ ತಮ್ಮೊಂದಿಗೆ ನನ್ನ ಸಣ್ಣ ತಕರಾರು. ಪೋಚ್‌ಖಾನವಾಲಾ ಮತ್ತು ದಾವಿಯರ್‌ವಾಲಾ ಅವರಿಗಿಂತ ಕರ್ಮರ್ಕರ್ ಅವರೇ ‘ನಿಜವಾದ ಆಧುನಿಕರು’ ಎಂದು ತಾವು ಬರೆದುದನ್ನು ನಾನು ಒಪ್ಪಲಾರೆ. ಕಂಡದ್ದನ್ನು ಕಂಡಂತೆ ಕಡೆಯುವುದು ಕರ್ಮರ್ಕರ್ ಅವರ ಶಾಲೆಯ ಶಿಸ್ತು. ಅದನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಲೋಹದ ಚೂರುಪಾರುಗಳನ್ನು ಬೆಸೆದು, ಯಾವುದನ್ನೂ ಹೋಲದ ರೂಪವನ್ನು ನಿಲ್ಲಿಸುವ ಧೈರ್ಯ ಪೋಚ್‌ಖಾನವಾಲಾ ಅವರದು. ಔಷಧ ರಸಾಯನ ಕಲಿತಿದ್ದ ದಾವಿಯರ್‌ವಾಲಾ ಅವರಿಗೆ ಶಿಲ್ಪವನ್ನು ಹೇಳಿಕೊಟ್ಟ ಎನ್. ಜಿ. ಪಾನಸರೆ ಅವರೂ ಕಂಡ ಆಕೃತಿಗಳನ್ನೇ ಕಡೆಯುವ ಶಿಲ್ಪಿ ಎಂಬುದನ್ನು ನೆನೆದರೆ, ಈ ಎರಡು ದಾರಿಗಳ ನಡುವಿನ ಬೇಲಿ ನಮ್ಮ ಲೇಖನ ಹಾಕಿದಷ್ಟು ಎತ್ತರದ್ದಲ್ಲ. ಆದರೆ ಮಾಡಿಸುವವನಿಲ್ಲದೆಯೂ ಮಾಡಬೇಕೆಂಬ ಹಟವಿತ್ತಲ್ಲ, ಅದರಲ್ಲಿ ಸಾಸವಣೆಯ ಎಮ್ಮೆ ಅವರಿಬ್ಬರಿಗೂ ಹಿರಿಯಕ್ಕ.

ಎಮ್ಮೆಯ ಮೈಯಲ್ಲಿ ಬಿರುಕು ಕಂಡು ತಾವು ನೊಂದುಕೊಂಡಿದ್ದೀರಿ. ಸಿಮೆಂಟಿನೊಳಗೆ ಕಬ್ಬಿಣವಿರುವ ಮೂರ್ತಿ ಬಯಲಿನಲ್ಲಿದ್ದಾಗ, ಅದರಲ್ಲೂ ಸಮುದ್ರದ ಉಪ್ಪುಗಾಳಿಯಲ್ಲಿ, ತೇವ ಒಳಹೊಕ್ಕು ಸರಳು ತುಕ್ಕು ಹಿಡಿದು ಉಬ್ಬಿಕೊಳ್ಳುತ್ತದೆ, ಉಬ್ಬಿದ ಸರಳು ಮೇಲಿನ ಸಿಮೆಂಟನ್ನು ಸೀಳುತ್ತದೆ. ನಮ್ಮ ಉಪನಗರಗಳ ಹಳೆಯ ಕಟ್ಟಡಗಳ ಬಾಲ್ಕನಿಗಳಿಗೆ ಬರುವ ಕಾಯಿಲೆಯೂ ಇದೇ. ಬಿರುಕಿಗೆ ಮೇಲಿಂದ ಮೇಲೆ ಬಣ್ಣ ಬಳಿದರೆ ಅದು ಮುಚ್ಚುತ್ತದೆಯೇ ಹೊರತು ವಾಸಿಯಾಗುವುದಿಲ್ಲ.

ಮುಂದಿನ ಸಂಚಿಕೆಯಲ್ಲಿ ಲೇಖಕರ ಆ ಪ್ಯಾರಾವನ್ನು ಪೂರ್ತಿಯಾಗಿ, ತಮ್ಮ ಪತ್ರದ ಜೊತೆಗೆ ಪ್ರಕಟಿಸುತ್ತೇವೆ. ತಾವು ಕಳುಹಿಸಿದ ಫೋಟೋದಲ್ಲಿ ಎಮ್ಮೆಯ ಮುಖವಿರಬೇಕಾದ ಕಡೆ ಮೊಮ್ಮಗನ ಹೆಬ್ಬೆರಳಿದೆ. ಮಳೆಗಾಲ ಹಿಡಿದರೆ ಗೇಟ್‌ವೇಯಿಂದ ಸಾಸವಣೆಗೆ ಹತ್ತಿರದ ಮಾಂಡವಾಕ್ಕೆ ಹೋಗುವ ಲಾಂಚುಗಳು ನಿಂತುಬಿಡುತ್ತವೆ. ಅದಕ್ಕೆ ಮುಂಚೆ ಇನ್ನೊಮ್ಮೆ ಹೋಗುವುದಾದರೆ ತಿಳಿಸಿ, ನಮ್ಮ ಛಾಯಾಗ್ರಾಹಕರೂ ಜೊತೆಗೆ ಬರುತ್ತಾರೆ.

— ಸಂಪಾದಕ