ಬೇಸ್‌ಬಾಲ್‌ನಲ್ಲಿ ಜನ ಇವತ್ತಿಗೂ ಮರೆಯದ ಪಂದ್ಯ ಯಾವುದು?

ನೀವು ಕೇಳಿದ್ದು ಇಷ್ಟು: "ಕ್ರಿಕೆಟ್ ಮಾತ್ರ ನೋಡಿ ಬೆಳೆದವನು ನಾನು. ಕೋಟ್ಲಾದಲ್ಲಿ ಕುಂಬ್ಳೆ ಹತ್ತು ವಿಕೆಟ್ ತೆಗೆದರಲ್ಲ, ಅಂಥ ಆಟ ಬೇಸ್‌ಬಾಲ್‌ನಲ್ಲೂ ಇದೆಯಾ? ಒಂದೇ ಒಂದು ಪಂದ್ಯ ಹೇಳಿ ಅಂದರೆ ಯಾವುದು ಹೇಳುತ್ತೀರಿ?"

ಇದೆ. ಒಂದೇ ಹೇಳಬೇಕು ಅಂದರೆ ನಾನು ಹೇಳುವುದು 2010ರ ಜೂನ್ 2ರ ಪಂದ್ಯ. ಡೆಟ್ರಾಯ್ಟ್‌ನ ಕೊಮೆರಿಕಾ ಪಾರ್ಕ್‌ನಲ್ಲಿ ಟೈಗರ್ಸ್ ಮತ್ತು ಕ್ಲೀವ್‌ಲ್ಯಾಂಡ್ ಇಂಡಿಯನ್ಸ್ ಆಡಿದ್ದು. ಕ್ಲೀವ್‌ಲ್ಯಾಂಡ್ ತಂಡದ ಹೆಸರು ಈಗ ಗಾರ್ಡಿಯನ್ಸ್. ಆಗ ನಾನು ಕೆಲಸಕ್ಕಾಗಿ ಮಿಶಿಗನ್‌ನಲ್ಲಿದ್ದೆ. ಆ ಸಂಜೆ ಪಕ್ಕದ ಮನೆಯ ಟಿವಿಯಲ್ಲಿ ಕೂತು ನೋಡಿದೆ. ಅದನ್ನು ಹೇಳುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಇಲ್ಲದಿದ್ದರೆ ಅವತ್ತು ಕೈತಪ್ಪಿದ್ದು ಎಷ್ಟು ದೊಡ್ಡದು ಅಂತ ಗೊತ್ತಾಗುವುದಿಲ್ಲ.

ಬೇಸ್‌ಬಾಲ್‌ನಲ್ಲಿ ಒಂದು ತಂಡಕ್ಕೆ ಒಂಬತ್ತು ಇನಿಂಗ್ಸ್. ಒಂದೊಂದರಲ್ಲಿ ಮೂರು ಔಟ್. ಒಟ್ಟು 27. ಎದುರಾಳಿಗಳಲ್ಲಿ ಒಬ್ಬನೂ ಫಸ್ಟ್ ಬೇಸ್ (ರನ್‌ಗಾಗಿ ಓಡುವ ಬ್ಯಾಟರ್ ಮೊದಲು ಮುಟ್ಟಬೇಕಾದ ಜಾಗ) ತಲುಪದೆ, ಬಂದ 27 ಜನರೂ ಬಂದ ಹಾಗೇ ವಾಪಸ್ ಹೋದರೆ ಅದಕ್ಕೆ ಪರ್ಫೆಕ್ಟ್ ಗೇಮ್ ಅನ್ನುತ್ತಾರೆ. ಪಿಚರ್, ಅಂದರೆ ಚೆಂಡು ಎಸೆಯುವವನು, ಒಂದು ಹಿಟ್ ಕೊಡುವ ಹಾಗಿಲ್ಲ. ಹಿಟ್ ಅಂದರೆ ಬ್ಯಾಟರ್ ಚೆಂಡು ಹೊಡೆದು ಬೇಸ್ ಸೇರುವುದು. ಒಬ್ಬ ಬ್ಯಾಟರ್‌ಗೆ ನಾಲ್ಕು ಬಾಲ್ ಆಚೆ ಎಸೆದರೆ ಅವನು ಸುಮ್ನೆ ನಡೆದುಕೊಂಡು ಫಸ್ಟ್ ಬೇಸ್‌ಗೆ ಹೋಗಬಹುದು (ಇದಕ್ಕೆ ವಾಕ್ ಅನ್ನುತ್ತಾರೆ), ಅದೂ ಆಗುವ ಹಾಗಿಲ್ಲ. ಫೀಲ್ಡರ್ ಕೈಯಿಂದ ಒಂದು ಚೆಂಡು ಜಾರಿ ಬ್ಯಾಟರ್ ಬೇಸ್ ಸೇರಿಕೊಂಡರೂ ಮುಗಿಯಿತು. ಕುಂಬ್ಳೆ 74 ರನ್ ಕೊಟ್ಟು ಹತ್ತು ವಿಕೆಟ್ ತೆಗೆದರು. ಒಂದು ಓವರ್ ಕೆಟ್ಟರೆ ಇನ್ನೊಂದು ಓವರ್ ಇತ್ತು. ಇಲ್ಲಿ ಆ ಇನ್ನೊಂದು ಓವರ್ ಅನ್ನೋದೇ ಇಲ್ಲ.

ಅಮೆರಿಕದ ಮೇಜರ್ ಲೀಗ್‌ನಲ್ಲಿ ಇಲ್ಲಿಯವರೆಗೆ ಎರಡು ಲಕ್ಷಕ್ಕೂ ಜಾಸ್ತಿ ಪಂದ್ಯ ನಡೆದಿವೆ. ಮೊದಲ ಪರ್ಫೆಕ್ಟ್ ಗೇಮ್ ಬಂದದ್ದು 1880ರಲ್ಲಿ. 2023ರಲ್ಲಿ ಯಾಂಕೀಸ್ ತಂಡದ ಡೊಮಿಂಗೊ ಹರ್ಮಾನ್ ಎಸೆದದ್ದು 24ನೆಯದು. ಎರಡು ಸಲ ಎಸೆದವರು ಒಬ್ಬರೂ ಇಲ್ಲ.

ಕುಂಬ್ಳೆಗೆ ಹತ್ತನೆಯ ವಿಕೆಟ್ ಸಿಗಲಿ ಅಂತ ಶ್ರೀನಾಥ್ ಬೇಕಂತಲೇ ಆಚೆ ಆಚೆ ಬೌಲ್ ಮಾಡಿದ್ದು ನೆನಪಿದೆ ಅಲ್ವಾ? ಬೇಸ್‌ಬಾಲ್‌ನಲ್ಲಿ ಜೊತೆಗಾರರು ಮಾಡುವ ಸಹಾಯ ಬೇರೆ ಥರದ್ದು. ಪಿಚರ್ ಜೊತೆ ಮಾತು ಬಿಡುತ್ತಾರೆ. ಡಗೌಟ್‌ನಲ್ಲಿ, ಅಂದರೆ ಮೈದಾನದ ಪಕ್ಕ ತಂಡ ಕೂರುವ ಜಾಗದಲ್ಲಿ, ಅವನ ಪಕ್ಕ ಯಾರೂ ಕೂರುವುದಿಲ್ಲ. "ಪರ್ಫೆಕ್ಟ್" ಅನ್ನುವ ಪದವನ್ನು ಬಾಯಿಗೇ ತರುವುದಿಲ್ಲ. ದೃಷ್ಟಿ ತಾಕೀತು ಅನ್ನುವ ಭಯ.

ಆ ಭಯ ಎಷ್ಟು ಅಂತ ತಿಳಿಯಬೇಕಾದರೆ 1956ರ ಅಕ್ಟೋಬರ್ 8ಕ್ಕೆ ಹೋಗಬೇಕು. ಯಾಂಕೀ ಸ್ಟೇಡಿಯಂ, ವರ್ಲ್ಡ್ ಸೀರೀಸ್‌ನ (ಮೇಜರ್ ಲೀಗ್‌ನ ಫೈನಲ್ ಸರಣಿಯ) ಐದನೆಯ ಪಂದ್ಯ. ಎದುರಾಳಿ ಬ್ರೂಕ್ಲಿನ್ ಡಾಡ್ಜರ್ಸ್. ಅವರ ಕಡೆ ಜ್ಯಾಕಿ ರಾಬಿನ್‌ಸನ್, ಡ್ಯೂಕ್ ಸ್ನೈಡರ್, ರಾಯ್ ಕ್ಯಾಂಪನೆಲ್ಲಾ. ಯಾಂಕೀಸ್ ಪರ ಎಸೆಯಲು ಬಂದವರು ಡಾನ್ ಲಾರ್ಸನ್. ದೊಡ್ಡ ಹೆಸರೇನಲ್ಲ. ಎರಡು ವರ್ಷದ ಹಿಂದೆ ಬಾಲ್ಟಿಮೋರ್‌ನಲ್ಲಿದ್ದಾಗ 3 ಗೆದ್ದು 21 ಸೋತಿದ್ದರು. ಅದೇ ಸೀರೀಸ್‌ನ ಎರಡನೆಯ ಪಂದ್ಯದಲ್ಲಿ ಎರಡನೆಯ ಇನಿಂಗ್ಸ್ ಮುಗಿಯುವ ಮೊದಲೇ ಅವರನ್ನು ತೆಗೆದಿದ್ದರು. ಅವತ್ತು ಆಡಬೇಕು ಅಂತ ಅವರಿಗೆ ಗೊತ್ತಾದದ್ದೇ ಡ್ರೆಸಿಂಗ್ ರೂಮಿಗೆ ಬಂದಾಗ. ಅವರ ಶೂ ಒಳಗೆ ಕೋಚ್ ಒಂದು ಚೆಂಡು ಇಟ್ಟಿದ್ದರು. ನೀನೇ ಪಿಚರ್ ಅಂತ ತಿಳಿಸುವ ರೀತಿ ಅದು.

ಏಳನೆಯ ಇನಿಂಗ್ಸ್ ಹೊತ್ತಿಗೆ ಲಾರ್ಸನ್ ಡಗೌಟ್‌ನಲ್ಲಿ ಜೊತೆ ಆಟಗಾರ ಮಿಕಿ ಮ್ಯಾಂಟಲ್ ಹತ್ತಿರ ಹೋಗಿ, ಸ್ಕೋರ್‌ಬೋರ್ಡ್ ತೋರಿಸಿ, ಇದು ಆಗಿಬಿಟ್ಟರೆ ಹೇಗಿರುತ್ತೆ ಅಂತ ಕೇಳಿದರು. ಮ್ಯಾಂಟಲ್ ಒಂದು ಮಾತೂ ಆಡದೆ ಎದ್ದು ಹೋದರು. ಕೊನೆಗೆ ಆಗಿಯೇ ಬಿಟ್ಟಿತು. 97 ಎಸೆತ, 27 ಔಟ್, 2-0 ಗೆಲುವು. ಕ್ಯಾಚರ್ (ನಮ್ಮ ವಿಕೆಟ್‌ಕೀಪರ್ ಇದ್ದ ಹಾಗೆ) ಯೋಗಿ ಬೆರಾ ಓಡಿಬಂದು ಮಗು ಎತ್ತಿಕೋ ಅಂತ ಹಾರುತ್ತಲ್ಲ, ಹಾಗೆ ಲಾರ್ಸನ್ ಮೇಲೆ ಹಾರಿದ ಫೋಟೋ ನೀವೂ ಎಲ್ಲೋ ನೋಡಿರುತ್ತೀರಿ. ವರ್ಲ್ಡ್ ಸೀರೀಸ್‌ನಲ್ಲಿ ಅದೊಂದೇ ಪರ್ಫೆಕ್ಟ್ ಗೇಮ್. ಹತ್ತು ಜನರನ್ನು ಕೇಳಿದರೆ ಏಳು ಜನ ನಿಮಗೆ ಇದೇ ಪಂದ್ಯ ಹೇಳುತ್ತಾರೆ. ತಪ್ಪೇನಿಲ್ಲ. ಆದರೆ ನನ್ನ ಮನಸ್ಸು ಕೂತದ್ದು ಕೈಗೆ ಬಂದು ತಪ್ಪಿದ ಆಟಗಳ ಮೇಲೆ.

ಅವುಗಳಲ್ಲಿ ಹಾರ್ವಿ ಹ್ಯಾಡಿಕ್ಸ್ ಹೆಸರನ್ನು ಬಿಡುವ ಹಾಗಿಲ್ಲ. 1959ರ ಮೇ 26, ಮಿಲ್ವಾಕೀ. ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಹ್ಯಾಡಿಕ್ಸ್‌ಗೆ ಅವತ್ತು ಮೈ ಸರಿ ಇರಲಿಲ್ಲ, ಫ್ಲೂ ಇತ್ತು. ಆದರೂ ಒಂಬತ್ತು ಇನಿಂಗ್ಸ್ 27 ಜನರನ್ನೂ ಔಟ್ ಮಾಡಿದರು. ಕಷ್ಟ ಅಂದರೆ ಅವರ ತಂಡವೂ ಒಂದು ರನ್ ಹೊಡೆದಿರಲಿಲ್ಲ. ಪಂದ್ಯ ಮುಂದುವರಿಯಿತು. ಹತ್ತು, ಹನ್ನೊಂದು, ಹನ್ನೆರಡು. 36 ಬ್ಯಾಟರ್, 36 ಔಟ್. ಹದಿಮೂರನೆಯದರಲ್ಲಿ ಫೀಲ್ಡರ್ ಒಬ್ಬರ ಎಸೆತ ತಪ್ಪಿತು, ಆಮೇಲೆ ಒಂದು ಬಂಟ್ (ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ತಟ್ಟುವುದು), ಹ್ಯಾಂಕ್ ಆರನ್‌ಗೆ ಬೇಕಂತಲೇ ಕೊಟ್ಟ ವಾಕ್. ಆಮೇಲೆ ಜೋ ಆಡ್‌ಕಾಕ್ ಚೆಂಡನ್ನು ಬೇಲಿಯಾಚೆ ಹೊಡೆದರು. 1-0, ಸೋಲು. 1991ರಲ್ಲಿ ಲೀಗ್ ನಿಯಮವನ್ನು ಬಿಗಿ ಮಾಡಿದಾಗ ಅವರ ಹೆಸರನ್ನು ನೋ-ಹಿಟರ್ (ಒಂದೂ ಹಿಟ್ ಕೊಡದ ಪಂದ್ಯ) ಪಟ್ಟಿಯಿಂದಲೂ ತೆಗೆದರು. ಹನ್ನೆರಡು ಇನಿಂಗ್ಸ್ ತಪ್ಪಿಲ್ಲದೆ ಎಸೆದವರು ಪಟ್ಟಿಯಲ್ಲಿ ಇಲ್ಲ. ನನಗೆ ಇದು ಇವತ್ತಿಗೂ ಒಪ್ಪಿಗೆಯಿಲ್ಲ.

ಈಗ ಡೆಟ್ರಾಯ್ಟ್‌ಗೆ ಬರೋಣ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ತಾತ ಇದ್ದರು. ಕಾರ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಟಿವಿ ನೋಡುವಾಗಲೂ ತೊಡೆ ಮೇಲೆ ಸ್ಕೋರ್ ಪುಸ್ತಕ, ಕೈಯಲ್ಲಿ ಪೆನ್ಸಿಲ್. ಬೇಸ್‌ಬಾಲ್ ಸ್ಕೋರ್ ಬರೆಯುವುದನ್ನು ನನಗೆ ಕಲಿಸಿದ್ದು ಅವರೇ. ಪ್ರತಿ ಫೀಲ್ಡರ್‌ಗೂ ಒಂದು ನಂಬರ್. ಪಿಚರ್ 1, ಕ್ಯಾಚರ್ 2, ಫಸ್ಟ್ ಬೇಸ್‌ನವನು 3. ಯಾರು ಹಿಡಿದು ಯಾರಿಗೆ ಎಸೆದು ಔಟ್ ಮಾಡಿದರು ಅನ್ನುವುದನ್ನು ಈ ನಂಬರ್‌ಗಳಲ್ಲೇ ಚೌಕದೊಳಗೆ ಬರೆಯಬೇಕು.

ಅವತ್ತು ಟೈಗರ್ಸ್ ಪಿಚರ್ ಅರ್ಮಾಂಡೊ ಗಲರಾಗ. ವೆನೆಜುವೆಲಾದ ಹುಡುಗ, 28 ವರ್ಷ. ಆ ವರ್ಷ ಶುರುವಿನಲ್ಲಿ ತಂಡದಲ್ಲೇ ಇರಲಿಲ್ಲ. ಟೊಲೀಡೊದ ಕೆಳಹಂತದ ತಂಡದಲ್ಲಿ ಆಡುತ್ತಿದ್ದವರನ್ನು ಮೇ ತಿಂಗಳಲ್ಲಿ ಕರೆಸಿಕೊಂಡಿದ್ದರು. ಆ ಮೇ ತಿಂಗಳಲ್ಲೇ ಡಲ್ಲಾಸ್ ಬ್ರೇಡನ್, ರಾಯ್ ಹ್ಯಾಲಡೆ ಇಬ್ಬರೂ ಒಂದೊಂದು ಪರ್ಫೆಕ್ಟ್ ಗೇಮ್ ಎಸೆದಿದ್ದರು. ಮೂರನೆಯದು ಇಷ್ಟು ಬೇಗ ಬರುತ್ತೆ ಅಂತ ಯಾರಿಗೂ ಅನ್ನಿಸಿರಲಿಲ್ಲ. ಆರನೆಯ ಇನಿಂಗ್ಸ್ ಆದಮೇಲೆ ತಾತ ನನ್ನ ಕಡೆ ನೋಡಿ ತುಟಿ ಮೇಲೆ ಬೆರಳಿಟ್ಟರು. ಆಮೇಲೆ ನಾವಿಬ್ಬರೂ ಮಾತಾಡಲಿಲ್ಲ.

ಒಂಬತ್ತನೆಯ ಇನಿಂಗ್ಸ್. ಟೈಗರ್ಸ್ 3-0 ಮುಂದೆ. ಮೊದಲ ಬ್ಯಾಟರ್ ಮಾರ್ಕ್ ಗ್ರುಜೆಲಾನೆಕ್ ಚೆಂಡನ್ನು ದೂರಕ್ಕೆ ಹೊಡೆದರು. ಹೋಯಿತು ಅಂದುಕೊಂಡೆ. ಸೆಂಟರ್ ಫೀಲ್ಡ್‌ನಿಂದ ಆಸ್ಟಿನ್ ಜ್ಯಾಕ್ಸನ್ ಬೆನ್ನು ತಿರುಗಿಸಿ ಓಡಿದರು. ಓಡುತ್ತಲೇ ಭುಜದ ಮೇಲಿಂದ ಬಂದ ಚೆಂಡನ್ನು ಗ್ಲೌಸ್‌ನಲ್ಲಿ ಹಿಡಿದರು. ಅಂಥ ಕ್ಯಾಚ್ ನಾನು ಮತ್ತೆ ನೋಡಿಲ್ಲ. ಎರಡನೆಯ ಬ್ಯಾಟರ್ ಕೂಡ ಔಟ್. 26 ಆಯಿತು.

27ನೆಯವರು ಜೇಸನ್ ಡೊನಾಲ್ಡ್. ಚೆಂಡು ನೆಲದ ಮೇಲೆ ಬಲಗಡೆಗೆ ಉರುಳಿತು. ಫಸ್ಟ್ ಬೇಸ್ ಕಾಯುವ ಮಿಗೆಲ್ ಕಬ್ರೆರಾ ಬೇಸ್ ಬಿಟ್ಟು ಬಂದು ಅದನ್ನು ಹಿಡಿದರು. ಹಾಗಾದಾಗ ಬೇಸ್‌ಗೆ ಓಡಬೇಕಾದವನು ಪಿಚರ್. ಗಲರಾಗ ಓಡಿದರು, ಚೆಂಡು ಪಡೆದರು, ಬೇಸ್ ತುಳಿದರು. ಡೊನಾಲ್ಡ್ ಇನ್ನೂ ಒಂದು ಹೆಜ್ಜೆ ಹಿಂದಿದ್ದರು. ತಾತ ಚೌಕದಲ್ಲಿ 3-1 ಅಂತ ಬರೆದೇ ಬಿಟ್ಟರು.

ಅಂಪೈರ್ ಜಿಮ್ ಜಾಯ್ಸ್ ಎರಡೂ ಕೈ ಅಗಲಿಸಿದರು. ಸೇಫ್.

ಕಬ್ರೆರಾ ಎರಡೂ ಕೈ ತಲೆ ಮೇಲೆ ಇಟ್ಟುಕೊಂಡರು. ಮ್ಯಾನೇಜರ್ ಜಿಮ್ ಲೇಲಂಡ್ ಓಡಿಬಂದರು. ಟಿವಿಯಲ್ಲಿ ರೀಪ್ಲೇ ಮತ್ತೆ ಮತ್ತೆ ಬಂತು. ಯಾವ ಕಡೆಯಿಂದ ನೋಡಿದರೂ ಔಟ್. ಆದರೆ ಆಗ ರೀಪ್ಲೇ ನೋಡಿ ಇಂಥ ತೀರ್ಪು ಬದಲಿಸುವ ನಿಯಮ ಇರಲಿಲ್ಲ. ಗಲರಾಗ ಏನು ಮಾಡಿದರು ಗೊತ್ತಾ? ನಕ್ಕರು. ವ್ಯಂಗ್ಯದ ನಗು ಅಲ್ಲ, ಹೌದಾ ಅನ್ನುವಂಥ ಒಂದು ಸಣ್ಣ ನಗು. ಬಾಯಿ ತೆರೆಯದೆ ತಮ್ಮ ಜಾಗಕ್ಕೆ ವಾಪಸ್ ನಡೆದು, ಮುಂದಿನ ಬ್ಯಾಟರ್ ಟ್ರೆವರ್ ಕ್ರೋ ಅವರನ್ನು ಔಟ್ ಮಾಡಿ ಪಂದ್ಯ ಮುಗಿಸಿದರು. ಒಟ್ಟು 88 ಎಸೆತ. 28 ಔಟ್‌ನ ಪರ್ಫೆಕ್ಟ್ ಗೇಮ್ ಅಂತ ಅಲ್ಲಿಯ ಜನ ಕರೆಯುವುದು ಇದಕ್ಕೇ. ದಾಖಲೆಯಲ್ಲಿ ಮಾತ್ರ ಒಂದು ಹಿಟ್ ಕೊಟ್ಟ ಪಂದ್ಯ ಅಂತಲೇ ಇದೆ.

ನನಗೆ ಸಿಟ್ಟು ತಡೆಯಲಾಗಲಿಲ್ಲ. ತಾತ ರಬ್ಬರ್ ಕೂಡ ಮುಟ್ಟಲಿಲ್ಲ. 3-1 ಅನ್ನು ಹಾಗೇ ಬಿಟ್ಟು ಪುಸ್ತಕ ಮುಚ್ಚಿದರು.

ಜಾಯ್ಸ್ ಕೆಟ್ಟ ಅಂಪೈರ್ ಅಲ್ಲ, ಅದನ್ನು ಹೇಳಲೇಬೇಕು. 20 ವರ್ಷಕ್ಕೂ ಜಾಸ್ತಿ ಅನುಭವ ಇದ್ದವರು. ಆಟಗಾರರೇ ಮೆಚ್ಚುತ್ತಿದ್ದವರು. ಅವತ್ತು ಕೋಣೆಗೆ ಹೋಗಿ ರೀಪ್ಲೇ ನೋಡಿದರು. ನೋಡಿದವರು ಬಾಗಿಲು ಹಾಕಿಕೊಂಡು ಕೂರಲಿಲ್ಲ. ವರದಿಗಾರರ ಎದುರಿಗೆ ಬಂದು, ಆ ಹುಡುಗನ ಪರ್ಫೆಕ್ಟ್ ಗೇಮ್ ನನ್ನಿಂದ ಹೋಯಿತು ಅಂತ ನೇರವಾಗಿ ಒಪ್ಪಿಕೊಂಡರು. ಗಲರಾಗ ಅವರನ್ನು ಭೇಟಿ ಮಾಡಬೇಕು ಅಂತ ಕೇಳಿದರು. ಗಲರಾಗ ಬಂದಾಗ ಅತ್ತು ಕ್ಷಮೆ ಕೇಳಿದರು. ಗಲರಾಗ ಅವರನ್ನು ತಬ್ಬಿಕೊಂಡರು. ಆಮೇಲೆ ಪತ್ರಿಕೆಯವರು ಕೇಳಿದ್ದಕ್ಕೆ, ನನಗಿಂತ ಅವರಿಗೇ ಜಾಸ್ತಿ ನೋವಾಗಿರಬೇಕು, ತಪ್ಪು ಮಾಡದವರು ಯಾರೂ ಇಲ್ಲ ಅಂದರು. ಪರ್ಫೆಕ್ಟ್ ಗೇಮ್ ಕಳೆದುಕೊಂಡು ಒಂದೆರಡು ಗಂಟೆಯೂ ಆಗಿರದ ಮನುಷ್ಯ ಆಡಿದ ಮಾತು ಅದು.

ಮರುದಿನ ಮಧ್ಯಾಹ್ನ ಅದೇ ತಂಡಗಳ ಇನ್ನೊಂದು ಪಂದ್ಯ. ಜಾಯ್ಸ್ ಅವತ್ತು ಹೋಮ್ ಪ್ಲೇಟ್ ಅಂಪೈರ್, ಅಂದರೆ ಬ್ಯಾಟರ್ ಹಿಂದೆ ನಿಲ್ಲುವ ಅಂಪೈರ್. ಬೇಕಾದರೆ ರಜೆ ತಗೊಳ್ಳಿ ಅಂದರೂ ಬೇಡ ಅಂದಿದ್ದರು. ಪಂದ್ಯದ ಮೊದಲು ತಂಡದ ಪಟ್ಟಿಯನ್ನು ಅಂಪೈರ್ ಕೈಗೆ ಕೊಡುವುದು ವಾಡಿಕೆ. ಸಾಮಾನ್ಯವಾಗಿ ಮ್ಯಾನೇಜರ್ ಇಲ್ಲವೇ ಕೋಚ್ ಕೊಡುತ್ತಾರೆ. ಲೇಲಂಡ್ ಅವತ್ತು ಗಲರಾಗ ಅವರನ್ನು ಕಳಿಸಿದರು. ಪಟ್ಟಿ ತೆಗೆದುಕೊಳ್ಳುವಾಗ ಜಾಯ್ಸ್ ಕಣ್ಣು ಒರೆಸಿಕೊಳ್ಳುತ್ತಿದ್ದರು. ಹಿಂದಿನ ರಾತ್ರಿ ಅವರ ಮೇಲೆ ಕೂಗಾಡಿದ ಊರಿನ ಜನರೇ ಚಪ್ಪಾಳೆ ತಟ್ಟಿದರು. ನಾನು ಆಫೀಸಿನ ಊಟದ ಕೋಣೆಯಲ್ಲಿ ನಿಂತು ಇದನ್ನು ನೋಡಿದೆ. ಅಲ್ಲಿ ಇದ್ದವರಲ್ಲಿ ಯಾರೂ ಕೂರಲಿಲ್ಲ.

ಲೀಗ್‌ನ ಮುಖ್ಯಸ್ಥ ಬಡ್ ಸೀಲಿಗ್ ತೀರ್ಪು ಬದಲಿಸಲಿಲ್ಲ. ಮಿಶಿಗನ್‌ನ ಗವರ್ನರ್ ಮಾತ್ರ ಇದು ಪರ್ಫೆಕ್ಟ್ ಗೇಮೇ ಅಂತ ಘೋಷಣೆ ಹೊರಡಿಸಿದರು. 2014ರಿಂದ ಇಂಥ ತೀರ್ಪುಗಳನ್ನು ರೀಪ್ಲೇ ನೋಡಿ ಸರಿಪಡಿಸುವ ವ್ಯವಸ್ಥೆ ಬಂತು. ಇವತ್ತಾಗಿದ್ದರೆ ಎರಡು ನಿಮಿಷದಲ್ಲಿ ಸರಿಹೋಗುತ್ತಿತ್ತು. ಗಲರಾಗ ಆಮೇಲೆ ಹೆಚ್ಚು ದಿನ ಮೇಜರ್ ಲೀಗ್‌ನಲ್ಲಿ ಇರಲಿಲ್ಲ. 26 ಗೆಲುವು, 34 ಸೋಲಿಗೆ ಅವರ ಲೆಕ್ಕ ನಿಂತಿತು. ಜಾಯ್ಸ್ 2012ರಲ್ಲಿ ಫೀನಿಕ್ಸ್‌ನ ಮೈದಾನದಲ್ಲಿ ಕುಸಿದುಬಿದ್ದ ಒಬ್ಬ ಕೆಲಸಗಾರ್ತಿಯ ಎದೆ ಒತ್ತಿ ಜೀವ ಉಳಿಸಿದರು. ಆ ಸುದ್ದಿ ಓದಿದಾಗ ನನಗೆ ಯಾಕೋ ನಮ್ಮವರೇ ಯಾರೋ ಮಾಡಿದ ಹಾಗೆ ಖುಷಿಯಾಯಿತು.

ನೀವು ನೋಡುವುದಾದರೆ ವಿಡಿಯೋ ಸುಲಭವಾಗಿ ಸಿಗುತ್ತೆ. ಪೂರ್ತಿ ಪಂದ್ಯ ಬೇಡ, ಒಂಬತ್ತನೆಯ ಇನಿಂಗ್ಸ್ ಒಂದೇ ಸಾಕು. ಜ್ಯಾಕ್ಸನ್ ಕ್ಯಾಚ್‌ನಿಂದ ಶುರು ಮಾಡಿ. 27ನೆಯ ಬ್ಯಾಟರ್ ಬಂದಾಗ ಚೆಂಡಿನ ಮೇಲೆ ಕಣ್ಣಿಡಬೇಡಿ, ಗಲರಾಗ ಮುಖ ನೋಡಿ. ಆಮೇಲೆ ಮರುದಿನ ಪಟ್ಟಿ ಕೊಟ್ಟದ್ದನ್ನು ನೋಡಿ. ನೋಡಿದ ಮೇಲೆ ನಿಮಗೇನು ಅನ್ನಿಸಿತು ಅಂತ ಇಲ್ಲೇ ಬರೆಯಿರಿ, ಕಾಯುತ್ತಿರುತ್ತೇನೆ.