ಠಾಣೆಯ ಹೊರಗೇ ನಿಲ್ಲಿ

ನಮಸ್ಕಾರ.

ನಿಮ್ಮ ‘ಕತ್ತಲ ಕೋಣೆ’ ಕಥೆಯನ್ನು ಈಗಿರುವಂತೆ ಪ್ರಕಟಿಸಲಾರೆವು. ಆದರೆ ಇದು ತಿದ್ದಿ ಮತ್ತೆ ಕಳಿಸಲೇಬೇಕಾದ ಕಥೆ. ಅದಕ್ಕೇ ಮುಲಾಜಿಲ್ಲದೆ ಬರೆಯುತ್ತಿದ್ದೇವೆ.

ತುರ್ತುಪರಿಸ್ಥಿತಿಯ ಕಾಲ. ಕಾಸರಗೋಡಿನ ಕನ್ನಡ ಮೇಷ್ಟರ ಮಗನನ್ನು ನಕ್ಸಲನೆಂಬ ಗುಮಾನಿಯಿಂದ ಕೋಯಿಕ್ಕೋಡಿನ ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಿಂದ ಪೊಲೀಸರು ಎತ್ತಿಕೊಂಡು ಹೋಗುತ್ತಾರೆ. ಮತ್ತೆ ಅವನ ಸುಳಿವಿಲ್ಲ. 1976ರಲ್ಲಿ ಕೇರಳದ ಪೊಲೀಸರು ಒಯ್ದ ಮೇಲೆ ಕಾಣೆಯಾದ ಇಂಜಿನಿಯರಿಂಗ್ ವಿದ್ಯಾರ್ಥಿ ಪಿ. ರಾಜನ್ ಪ್ರಕರಣ ನಿಮ್ಮ ಮುಂದಿತ್ತು ಎಂಬುದು ಸ್ಪಷ್ಟ, ಅದರಲ್ಲಿ ತಪ್ಪೂ ಇಲ್ಲ. ಆದರೆ ಹದಿನಾಲ್ಕು ಪುಟಗಳಲ್ಲಿ ಒಂಬತ್ತು ಪುಟ ಲಾಕಪ್ಪಿನೊಳಗೇ ಕಳೆದಿವೆ. ಹುಡುಗ ಎಲ್ಲಿದ್ದಾನೆ, ಹೊಡೆದವರು ಯಾರು, ಉಸಿರು ನಿಂತದ್ದು ಯಾವಾಗ, ಎಲ್ಲವೂ ಓದುಗರಿಗೆ ಗೊತ್ತು. ಅಂದಮೇಲೆ ಅವರ ಪಾಲಿಗೆ ಅವನು ಕಾಣೆಯಾಗಲೇ ಇಲ್ಲ. ನೀವು ಬರೆದಿರುವುದು ಲಾಕಪ್ ಸಾವಿನ ಕಥೆ. ಕಣ್ಮರೆಯ ಕಥೆಯಲ್ಲಿ ಸರ್ಕಾರವೇ ಮನುಷ್ಯನನ್ನು ಹಿಡಿಯುತ್ತದೆ, ಆಮೇಲೆ ‘ನಾವು ಹಿಡಿದೇ ಇಲ್ಲ’ ಅನ್ನುತ್ತದೆ. ಈ ಎರಡನೆಯ ಮಾತೇ ಅದರ ಜೀವ.

ವಿಚಾರಣೆಯಿಲ್ಲದೆ ಹಿಡಿದಿಡುತ್ತಿದ್ದ ಮೀಸಾ ಕಾಯ್ದೆಯ ಬಂಧನವನ್ನೂ ಈ ಕಣ್ಮರೆಯನ್ನೂ ನೀವು ಒಂದೇ ಎಂದುಕೊಂಡಿದ್ದೀರಿ. ಮೀಸಾ ಕೈದಿಗೆ ಬಂಧನದ ಆದೇಶವಿರುತ್ತಿತ್ತು, ಜೈಲಿನ ಪುಸ್ತಕದಲ್ಲಿ ಹೆಸರಿರುತ್ತಿತ್ತು. ಅನ್ಯಾಯವೇ, ಆದರೆ ಮನುಷ್ಯ ಎಲ್ಲೋ ಇದ್ದಾನೆಂದು ಕಾಗದ ಒಪ್ಪುತ್ತಿತ್ತು. ತಲೆಮರೆಸಿಕೊಂಡಿದ್ದ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸರ ತಮ್ಮ ಲಾರೆನ್ಸರನ್ನು 1976ರ ಮೇ 1ರಂದು ಬೆಂಗಳೂರಿನಲ್ಲಿ ಹಿಡಿದು, ಅಣ್ಣ ಎಲ್ಲಿದ್ದಾನೆಂದು ಬಾಯಿ ಬಿಡಿಸಲು ಕ್ರೂರವಾಗಿ ಹೊಡೆದರು. ಕೊನೆಗೆ ಅವರ ಬಂಧನ ದಾಖಲೆಗೆ ಬಂತು, ಅವರು ಜೈಲು ಸೇರಿದರು. ರಾಜನ್ ಹೆಸರಿಗೆ ಅಂಥ ದಾಖಲೆಯೇ ಹುಟ್ಟಲಿಲ್ಲ. ನಿಮ್ಮ ಕಥೆಯಲ್ಲಿ ಎಸ್‌ಐ ತಂದೆಗೆ ಅರೆಸ್ಟ್ ಮೆಮೊ ಕೊಡುವ ದೃಶ್ಯ ತೆಗೆದುಬಿಡಿ. ಬಂಧನದ ಹೊತ್ತಿಗೇ ಮೆಮೊ ಬರೆದು ಸಾಕ್ಷಿಯ ಸಹಿ ಪಡೆಯಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 1996ರ ಡಿ.ಕೆ. ಬಸು ತೀರ್ಪಿನಲ್ಲಿ.

ಕಾಲದ ತಪ್ಪು ಇನ್ನೂ ಇವೆ. ಮೇಷ್ಟರು ‘ಕಾಸರಗೋಡು ಜಿಲ್ಲಾಧಿಕಾರಿ’ಯನ್ನು ಕಾಣಲಾರರು, ಆ ಜಿಲ್ಲೆಯಾದದ್ದು 1984ರಲ್ಲಿ. ಅಂದು ಅವರು ಕಣ್ಣೂರಿಗೆ ಹೋಗಬೇಕು. 1977ರ ಹೈಕೋರ್ಟ್ ಅರ್ಜಿಯಲ್ಲಿ ಪೊಲೀಸರ ಮುಖ್ಯಸ್ಥರೆಂದರೆ ಐಜಿ, ನೀವು ಬರೆದಂತೆ ಡಿಜಿಪಿ ಅಲ್ಲ. ಪತ್ರಿಕೆಗಳಿಗೆ ಸೆನ್ಸಾರ್ ಇದ್ದಾಗ ಮರುದಿನವೇ ಮುಖಪುಟದಲ್ಲಿ ಸುದ್ದಿ ಬರದು.

ಎಲ್ಲಕ್ಕಿಂತ ದೊಡ್ಡ ತಪ್ಪು ಹೇಬಿಯಸ್ ಕಾರ್ಪಸ್, ಅಂದರೆ ಹಿಡಿದವನನ್ನು ಕೋರ್ಟಿನ ಮುಂದೆ ತರಿಸಿ ಎಂದು ಕೇಳುವ ಅರ್ಜಿ. ಜೂನ್ 1976ರಲ್ಲಿ ಅರ್ಜಿ ಹಾಕಿಸಿ, ನ್ಯಾಯಾಧೀಶರಿಂದ ಪೊಲೀಸರನ್ನು ಗದರಿಸಿದ್ದೀರಿ. ಕರ್ನಾಟಕವೂ ಸೇರಿ ಹಲವು ಹೈಕೋರ್ಟುಗಳು ಇಂಥ ಅರ್ಜಿ ಕೇಳಬಹುದು ಎಂದಿದ್ದವು ನಿಜ. ಆದರೆ 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ನಾಲ್ಕು-ಒಂದರ ಬಹುಮತದಲ್ಲಿ ಆ ಬಾಗಿಲು ಮುಚ್ಚಿತು; ಒಪ್ಪದೆ ನಿಂತವರು ಎಚ್.ಆರ್. ಖನ್ನಾ ಒಬ್ಬರೇ. ರಾಜನ್‌ನನ್ನು ಒಯ್ದದ್ದು 1976ರ ಮಾರ್ಚ್ 1ರಂದು. ನಿವೃತ್ತ ಹಿಂದಿ ಪ್ರಾಧ್ಯಾಪಕರಾಗಿದ್ದ ಅವನ ತಂದೆ ಒಂದು ವರ್ಷಕ್ಕೂ ಹೆಚ್ಚು ಕಾಲ ಮಂತ್ರಿಗಳ ಬಾಗಿಲಿಗೆ ಅಲೆದರು, ಮನವಿ ಬರೆದರು. ಅರ್ಜಿ ಹಾಕಲು ಸಾಧ್ಯವಾದದ್ದು ತುರ್ತುಪರಿಸ್ಥಿತಿ ಹೋದ ಮೇಲೆ, 1977ರ ಮಾರ್ಚ್ ಕೊನೆಯಲ್ಲಿ. ನಿಮ್ಮ ಕಥೆ ಇರುವುದು ಆ ಒಂದು ವರ್ಷದಲ್ಲಿ, ಮತ್ತು ನೀವು ಅದಕ್ಕೆ ಕೊಟ್ಟಿರುವುದು ಒಂದು ಪ್ಯಾರಾ!

ಅರ್ಜಿ ಹೇಗೆ ಗೆದ್ದಿತೆಂಬುದನ್ನೂ ಗಮನಿಸಿ. ಗೃಹಸಚಿವರಾಗಿದ್ದು ಆಗಷ್ಟೇ ಮುಖ್ಯಮಂತ್ರಿಯಾಗಿದ್ದ ಕೆ. ಕರುಣಾಕರನ್ ಸೇರಿದಂತೆ ಪ್ರತಿವಾದಿಗಳು ಬಂಧಿಸಿಯೇ ಇಲ್ಲ ಎಂದು ಪ್ರಮಾಣ ಮಾಡಿದರು. ಎದುರಿಗೆ ಇದ್ದದ್ದು ಕಂಡವರ ಮಾತು: ಹಾಸ್ಟೆಲಿನಿಂದ ಒಯ್ಯುವಾಗ ನೋಡಿದವರು, ಕಕ್ಕಯಂನ ಪೊಲೀಸ್ ಕ್ಯಾಂಪಿನಲ್ಲಿ ನೋಡಿದವರು. ಕೋರ್ಟು ಅವರನ್ನು ನಂಬಿತು, ರಾಜನ್‌ನನ್ನು ಹಾಜರುಪಡಿಸಿ ಎಂದಿತು. ಏಪ್ರಿಲ್ 25ರಂದು ಕರುಣಾಕರನ್ ರಾಜೀನಾಮೆ ಕೊಟ್ಟರು. ದೇಹ ಮಾತ್ರ ಎಂದೂ ಸಿಗಲಿಲ್ಲ. ಹಾಗಾಗಿ ನಿಮ್ಮ ಮೇಷ್ಟರಿಗೂ ಸತ್ಯ ಇಡಿಯಾಗಿ ಸಿಗುವುದು ಬೇಡ. ಗೇಟಿನ ಕಾವಲುಗಾರ ವ್ಯಾನು ಕಂಡಿರಲಿ, ರೂಮ್‌ಮೇಟ್ ಅಂಗಿಯ ಬಣ್ಣ ಹೇಳಲಿ, ಕ್ಯಾಂಪಿನಿಂದ ಬಿಡುಗಡೆಯಾದವನು ಪಕ್ಕದ ಕೋಣೆಯ ದನಿ ಕೇಳಿರಲಿ. ಒಬ್ಬೊಬ್ಬರೂ ಎಷ್ಟು ಹೆದರಿದ್ದಾರೆ, ಎಷ್ಟು ಮುಚ್ಚಿಡುತ್ತಾರೆ ಎಂಬುದರ ಮೇಲೆ ಕಥೆ ನಡೆಯಲಿ.

ಹಿಂಸೆಯ ಬಗ್ಗೆ ಒಂದೇ ಮಾತು. ಕರೆಂಟು, ಕಬ್ಬಿಣದ ಕುರ್ಚಿ, ಎಲ್ಲ ಸಿನಿಮಾದಿಂದ ಬಂದಂತಿವೆ. ಕಕ್ಕಯಂನಲ್ಲಿ ಮಾಡುತ್ತಿದ್ದದ್ದು ‘ಉರುಟ್ಟಲ್’: ಬೆಂಚಿಗೆ ಮಲಗಿಸಿ ತೊಡೆಗಳ ಮೇಲೆ ಭಾರದ ಮರದ ತುಂಡು ಉರುಳಿಸುವುದು. ಹೀಗೆ ಸ್ನಾಯು ಅರೆದುಹೋದರೆ ಅದರೊಳಗಿನ ದ್ರವ್ಯ ರಕ್ತಕ್ಕೆ ಸೇರಿ ಮೂತ್ರಪಿಂಡ ಕೆಡುತ್ತದೆ. ಮೇಲೆ ಅಷ್ಟೇನೂ ಗಾಯ ಕಾಣದವನೂ ಕೆಲವು ದಿನಗಳಲ್ಲಿ ಸಾಯಬಹುದು. ನಡೆಯಲಾಗದ ಒಬ್ಬ ಹುಡುಗನನ್ನು ಮೇಷ್ಟರು ಕಂಡರೆ ಸಾಕು, ಒಂಬತ್ತು ಪುಟ ಬೇಡ.

ತಾಯಿ ಹನ್ನೊಂದನೆಯ ದಿನದ ಕ್ರಿಯೆ ಮಾಡಿಸುವುದನ್ನೂ ಬಿಡಿ. ಸತ್ತ ದಿನವೇ ಗೊತ್ತಿಲ್ಲದಾಗ ಹನ್ನೊಂದನ್ನು ಎಲ್ಲಿಂದ ಎಣಿಸುತ್ತಾರೆ? ಏಳು ವರ್ಷ ಸುದ್ದಿಯಿಲ್ಲದವನನ್ನು ಸತ್ತನೆಂದು ಕಾನೂನು ಭಾವಿಸಬಹುದು, ಆದರೆ ಅದಕ್ಕೂ ತಿಥಿ ಗೊತ್ತಿರುವುದಿಲ್ಲ. ಪುರೋಹಿತರ ಮುಂದೆ ಈ ಪ್ರಶ್ನೆ ಎತ್ತಿ, ಗಂಡ ಹೆಂಡತಿ ಜಗಳವಾಡಲಿ.

ನಿಮ್ಮ ಹನ್ನೆರಡನೆಯ ಪುಟದಲ್ಲಿ ಹಾಸ್ಟೆಲ್ ಗುಮಾಸ್ತ ಮಾರ್ಚ್ ತಿಂಗಳ ಮೆಸ್ ಬಿಲ್ಲು ಮೇಷ್ಟರ ಮುಂದಿಡುತ್ತಾನೆ, ಅವರು ಪೂರ್ತಿ ತಿಂಗಳಿನ ಹಣ ಎಣಿಸುತ್ತಾರೆ. ಇಡೀ ಕಥೆಯಲ್ಲಿ ಅಪ್ಪಟವಾದದ್ದು ಇದೇ. ನಾಲ್ಕು ಸಾಲಿನಲ್ಲಿ ಮುಗಿಸಿದ್ದೀರಿ. ಇಲ್ಲಿಂದ ಶುರು ಮಾಡಿ. ಏಪ್ರಿಲ್ ಬಿಲ್ಲಿಗೆ ಗುಮಾಸ್ತ ಏನೆನ್ನುತ್ತಾನೆ, ಹಾಜರಿ ಕಡಿಮೆಯೆಂದು ಕಾಲೇಜು ಮನೆಗೆ ಪತ್ರ ಬರೆದರೆ ಮೇಷ್ಟರು ಏನು ಉತ್ತರ ಕೊಡುತ್ತಾರೆ, ಬರೆದು ನೋಡಿ. ಹತ್ತು ಪುಟ ಮೀರದಂತೆ ತಿದ್ದಿ, ಇದೇ ವಿಳಾಸಕ್ಕೆ ಕಳಿಸಿ.

– ಕಥಾ ವಿಭಾಗದ ಸಂಪಾದಕರು